ಮನೆಮಾತು: ಮಗನ ಲೈಸೆನ್ಸಿಗೆ ಏನೇನು ಸೇರಿಸಬೇಕು?



ಹೋದ ಶುಕ್ರವಾರ ಸಂಜೆ ದೀಪ ಹಚ್ಚಿ ಏಳುವಷ್ಟರಲ್ಲಿ ನಮ್ಮ ಬೀದಿಯ ಕೊನೆಯ ಮನೆಯ ಗೆಳತಿ ಬಾಗಿಲಲ್ಲಿ ನಿಂತಿದ್ದಳು. ಅರಿಸಿನ ಕುಂಕುಮ ತೆಗೆದುಕೊಂಡ ಮೇಲೂ ಹೊರಡಲಿಲ್ಲ. ಸೆರಗಿನ ತುದಿಯ ಗಂಟು ಬಿಚ್ಚಿ, ಹಳೆಯ ಕರ್ಚೀಫಿನಲ್ಲಿ ಸುತ್ತಿದ್ದುದನ್ನು ನನ್ನ ಕೈಯಲ್ಲಿಟ್ಟಳು. ಬಿಚ್ಚಿ ನೋಡಿದರೆ ಅವಳ ಅವಲಕ್ಕಿ ಸರ.

“ಅಕ್ಕಾ, ಇದನ್ನ ನಾಳೆ ಅಡವಿಡೋಣ ಅಂತಿದೀನಿ. ನೀವೊಂದು ಮಾತು ಹೇಳಿ, ಇಡಲೋ ಬೇಡವೋ?”

ವಿಷಯ ಇಷ್ಟು. ಅವಳ ಹಿರಿಮಗನಿಗೆ ಈಗ 21 ವರ್ಷ. ಎಸ್.ಎಸ್.ಎಲ್.ಸಿ.ಗೆ ಎರಡು ಸಲ ಕೂತು ಕೈಬಿಟ್ಟ ಹುಡುಗ. ಕಾರಿನ ಲೈಸೆನ್ಸ್ ಮಾಡಿಸಿ ಎರಡು ವರ್ಷವಾಗಿದೆ; ಸದ್ಯಕ್ಕೆ ಒಂದು ದಿನಸಿ ಅಂಗಡಿಯ ಟಾಟಾ ಏಸ್ ಓಡಿಸುತ್ತಾನೆ. ಈಗ ಲಾರಿ ಹತ್ತಬೇಕೆಂಬ ಆಸೆ. ಯಾರೋ ಏಜೆಂಟನೊಬ್ಬ, “ಹೆವಿ, ಟ್ಯಾಂಕರ್, ಬಸ್ಸಿನ ಬ್ಯಾಡ್ಜ್, ಎಲ್ಲಾ ಒಟ್ಟಿಗೇ ಹಾಕಿಸಿಬಿಡೋಣ. 40,000 ಕೊಡಿ ಸಾಕು. ಹುಡುಗ ಕ್ಲಾಸಿಗೂ ಬರಬೇಕಾಗಿಲ್ಲ, ಸರ್ಟಿಫಿಕೇಟ್ ಮನೆಗೇ ಬರುತ್ತೆ” ಅಂದಿದ್ದಾನಂತೆ. ಇವಳ ಯಜಮಾನರಿಗೆ ಮಂಡಿನೋವು. ಅಕ್ಕಿ ಗಿರಣಿ ಕೆಲಸ ಬಿಟ್ಟು ವರ್ಷವಾಯಿತು. ಇವಳ ಹೊಲಿಗೆ ಯಂತ್ರದಲ್ಲೇ ಮನೆ ನಡೆಯಬೇಕು. ಉಳಿದಿರುವ ಒಡವೆ ಇದೊಂದೇ.

ನಾನು ಸರವನ್ನು ಹಾಗೇ ಮಡಿಸಿ ಅವಳ ಕೈಗೇ ಕೊಟ್ಟು, ಕಾಫಿಗೆ ನೀರಿಟ್ಟೆ. ಆ ಸಂಜೆ ನಾವಿಬ್ಬರೂ ಮಾತಾಡಿದ್ದನ್ನೇ ಈ ಸಲ ನಿಮ್ಮ ಮುಂದೆ ಇಡುತ್ತಿದ್ದೇನೆ. ಅಡುಗೆಮನೆಯ ಪುಟದಲ್ಲಿ ಲಾರಿಯ ಮಾತೇಕೆ ಅಂತ ಮೂಗು ಮುರಿಯಬೇಡಿ. ಲಾರಿ ಓಡಿಸುವವರು ಗಂಡಸರಾದರೂ ಅಡವಿಗೆ ಹೋಗುವ ಒಡವೆ ನಮ್ಮದು, ರಾತ್ರಿಯೆಲ್ಲ ಬಾಗಿಲ ಕಡೆ ಕಿವಿಯಿಟ್ಟು ಮಲಗುವವರೂ ನಾವೇ ಅಲ್ಲವೇ?

ನಮ್ಮ ಭಾವನ ಕಥೆ

ನನಗೆ ಈ ವಿಷಯ ಗೊತ್ತಾದದ್ದು ಪುಸ್ತಕ ಓದಿ ಅಲ್ಲ. 2009ರಲ್ಲಿ ನಮ್ಮ ಅಕ್ಕನ ಯಜಮಾನರು ತರಕಾರಿ ತುಂಬಿದ ಟೆಂಪೋ ಓಡಿಸುತ್ತಿದ್ದಾಗ ಸೈಕಲ್ಲಿನಲ್ಲಿ ಬರುತ್ತಿದ್ದವರೊಬ್ಬರಿಗೆ ತಗುಲಿ, ಪಾಪ, ಆತನ ಕಾಲು ಹೋಯಿತು. ಪರಿಹಾರದ ಕೇಸು ನಡೆಯಿತು. ಭಾವನ ಹತ್ತಿರ ಇದ್ದದ್ದು ಲಘು ವಾಹನದ ಲೈಸೆನ್ಸ್ ಮಾತ್ರ. ಬಾಡಿಗೆಗೆ ಓಡುವ ಸಾರಿಗೆ ವಾಹನ ಓಡಿಸಬಹುದು ಎಂಬ ಹಿಂಬರಹ ಅದರಲ್ಲಿ ಇರಲಿಲ್ಲ. ಅದನ್ನೇ ಹಿಡಿದು ವಿಮಾ ಕಂಪನಿಯವರು ತಕರಾರು ತೆಗೆದರು. ಕೊನೆಗೆ ಗಾಯಾಳುವಿಗೆ ಮೊದಲು ಹಣ ಕೊಟ್ಟು, ಆಮೇಲೆ ಗಾಡಿ ಮಾಲೀಕರಿಂದ ವಸೂಲಿ ಮಾಡಿಕೊಳ್ಳಿ ಎಂದು ತೀರ್ಪಾಯಿತು. ಮಾಲೀಕರು ಭಾವನ ಕುತ್ತಿಗೆಗೆ ಕೂತರು. ತೆಂಗಿನ ತೋಟದಲ್ಲಿ ಅರ್ಧ ಹೋಯಿತು. ಅಕ್ಕ ಇವತ್ತಿಗೂ ಆ ಕಡೆಯ ಬದುವಿನ ಮೇಲೆ ಕಾಲಿಡುವುದಿಲ್ಲ.

ಒಂದು ಸಾಲು, ನೋಡಿ. ಲೈಸೆನ್ಸಿನಲ್ಲಿ ಇರಬೇಕಾಗಿದ್ದ ಒಂದೇ ಒಂದು ಸಾಲು.

ಇಂಥ ಕೇಸುಗಳು ದೇಶದಲ್ಲೆಲ್ಲ ಆಗಿ, ಕಡೆಗೆ 2017ರಲ್ಲಿ ಸುಪ್ರೀಂ ಕೋರ್ಟು, ಸರಕು ತುಂಬಿದಾಗಿನ ಒಟ್ಟು ತೂಕ 7,500 ಕಿಲೋ ಮೀರದಂತೆ ನೋಂದಾಯಿಸಿದ ಸಾರಿಗೆ ಗಾಡಿಯನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದು ಎಂದಿತು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು. ನಮ್ಮ ಭಾವನಿಗೆ ತಡವಾಯಿತು, ಆದರೆ ನಿಮ್ಮ ಮಕ್ಕಳಿಗೆ ಇದು ತಿಳಿದಿರಲಿ.

ಮೊದಲು ಗಾಡಿ, ಆಮೇಲೆ ಲೈಸೆನ್ಸ್

ಜಾತ್ರೆಗೆ ಹೋದಾಗ ಐದು ಜನರ ಮನೆಗೆ ಐವತ್ತು ಜನರ ಕೊಳದಪ್ಪಲೆ ಯಾರಾದರೂ ಕೊಳ್ಳುತ್ತಾರೆಯೇ? ಇಡಲು ಜಾಗವಿಲ್ಲ, ಬೆಳಗಲು ಕೈಯಿಲ್ಲ. ಲೈಸೆನ್ಸಿನ ಹಿಂಬರಹಗಳೂ ಹಾಗೆಯೇ. “ಎಲ್ಲಾ ಇದ್ದರೆ ಒಳ್ಳೆಯದು” ಅನ್ನುವುದು ಸುಲಭ. ಆದರೆ ಪ್ರತಿಯೊಂದಕ್ಕೂ ಹಣವಿದೆ, ಕಲಿಕೆಯಿದೆ, ಆಗಾಗ ನವೀಕರಿಸುವ ತಾಪತ್ರಯವಿದೆ. ಆದ್ದರಿಂದ ಮಗನನ್ನು ಕೂರಿಸಿಕೊಂಡು ಮೊದಲು ಕೇಳಬೇಕಾದ ಪ್ರಶ್ನೆ ಇದು: “ಮುಂದಿನ ಒಂದು ವರ್ಷ ನೀನು ಯಾವ ಗಾಡಿ ಓಡಿಸ್ತೀಯಪ್ಪ? ಯಾರ ಹತ್ತಿರ?”

ಟಾಟಾ ಏಸ್, ಪಿಕಪ್, 407 ಇಂಥ ಗಾಡಿಯಾದರೆ ಕೈಯಲ್ಲಿರುವ ಲಘು ವಾಹನದ ಲೈಸೆನ್ಸೇ ಸಾಕು. ಹೆಸರು ನೋಡಿ ನಂಬಬೇಡಿ, ಗಾಡಿಯ ಆರ್.ಸಿ. ತರಿಸಿ ಒಟ್ಟು ತೂಕ ಎಷ್ಟೆಂದು ಬರೆದಿದೆ ನೋಡಿ. 7,500 ಕಿಲೋ ದಾಟಿದ್ದರೆ ಅದು ಬೇರೆ ಲೆಕ್ಕ.

ಹೆವಿ ಲೈಸೆನ್ಸ್

ಆರು ಚಕ್ರ, ಹತ್ತು ಚಕ್ರದ ಲಾರಿ, ಟಿಪ್ಪರ್ ಹತ್ತಬೇಕಾದರೆ ಭಾರಿ ಸಾರಿಗೆ ವಾಹನದ ಲೈಸೆನ್ಸ್ ಬೇಕೇ ಬೇಕು. ಇದಕ್ಕೆ 20 ವರ್ಷ ತುಂಬಿರಬೇಕು. ಲಘು ವಾಹನದ ಲೈಸೆನ್ಸ್ ಸಿಕ್ಕಿ ಕಡೇಪಕ್ಷ ಒಂದು ವರ್ಷ ಆಗಿರಬೇಕು. ಅದಾದ ಮೇಲೆ ಎಲ್.ಎಲ್.ಆರ್., ಅಲ್ಲಿಂದ 30 ದಿನ ಕಳೆದ ಮೇಲೆ ಪರೀಕ್ಷೆ. ಪರವಾನಗಿ ಇರುವ ಡ್ರೈವಿಂಗ್ ಶಾಲೆಯಲ್ಲಿ ಕಲಿತ ಸರ್ಟಿಫಿಕೇಟ್ ಬೇಕು, ವೈದ್ಯರ ಸರ್ಟಿಫಿಕೇಟೂ ಬೇಕು. ಮುಂಚೆ 8ನೇ ತರಗತಿ ಪಾಸಾಗಿರಬೇಕೆಂಬ ನಿಯಮ ಇತ್ತು. 2019ರಲ್ಲಿ ಅದನ್ನು ತೆಗೆದುಹಾಕಿದರು. ಆದ್ದರಿಂದ “ಓದಿಲ್ಲ, ಅದಕ್ಕೇ ಹೆಚ್ಚು ಖರ್ಚಾಗುತ್ತೆ” ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

2021ರಿಂದ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳು ಎಂಬ ಹೊಸ ವ್ಯವಸ್ಥೆಯೂ ಬಂದಿದೆ. ಅಲ್ಲಿ ಭಾರಿ ವಾಹನಕ್ಕೆ 6 ವಾರದಲ್ಲಿ 38 ಗಂಟೆಯ ಪಾಠ. ಅಲ್ಲಿ ಪಾಸಾದವರಿಗೆ ಆರ್.ಟಿ.ಓ. ಆಫೀಸಿನಲ್ಲಿ ಮತ್ತೆ ಗಾಡಿ ಓಡಿಸಿ ತೋರಿಸುವ ಪರೀಕ್ಷೆ ಇರುವುದಿಲ್ಲ. ನಿಮ್ಮ ಜಿಲ್ಲೆಯಲ್ಲಿ ಅಂಥ ಕೇಂದ್ರ ಇದೆಯೇ ಎಂದು ಆರ್.ಟಿ.ಓ. ಆಫೀಸಿನಲ್ಲೇ ಕೇಳಿ.

ಒಂದು ಮಾತು ನೆನಪಿಡಿ. ಸಾರಿಗೆ ವಾಹನದ ಲೈಸೆನ್ಸಿನ ಆಯುಸ್ಸು 5 ವರ್ಷ. ಮುಗಿದ ಮಾರನೆಯ ದಿನದಿಂದಲೇ ಅದು ನಡೆಯದು. ಹಿಂದೆ ಇದ್ದ 30 ದಿನದ ರಿಯಾಯಿತಿ ಈಗಿಲ್ಲ. ಮುಗಿಯುವ ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿಸಿದರಂತೂ ಮತ್ತೆ ಪರೀಕ್ಷೆಗೆ ನಿಲ್ಲಬೇಕು. ಗ್ಯಾಸ್ ಬುಕ್ ಮಾಡಿದ ತಾರೀಖು ಬರೆಯುವ ಕ್ಯಾಲೆಂಡರಿನಲ್ಲೇ ಇದನ್ನೂ ಬರೆದಿಡಿ. ಈ ಕೆಲಸ ಗಂಡಸರಿಗೆ ಬಿಟ್ಟರೆ ಆಗುವುದಲ್ಲ!

ಟ್ಯಾಂಕರಿನ ಆಸೆ

ನಮ್ಮ ಹುಡುಗ ಅಷ್ಟರಲ್ಲಿ ಅಮ್ಮನನ್ನು ಹುಡುಕಿಕೊಂಡು ಬಂದಿದ್ದ. ಮಾತು ಕೇಳಿ, “ಟ್ಯಾಂಕರಿಗೆ ಸಂಬಳ ಜಾಸ್ತಿ ದೊಡ್ಡಮ್ಮಾ” ಅಂದ. ಅವನ ಮಾತು ಸುಳ್ಳಲ್ಲ. ಮನೆಯಲ್ಲಿ ಕಷ್ಟ ಕಂಡ ಹುಡುಗ, ನಾಲ್ಕು ಕಾಸು ಹೆಚ್ಚು ಬರುವ ಕಡೆ ಕಣ್ಣು ಹೋಗುವುದು ಸಹಜ.

ಪೆಟ್ರೋಲು, ಅಡುಗೆ ಅನಿಲ, ಆಸಿಡ್ಡು ಇಂಥ ಅಪಾಯಕಾರಿ ಸರಕು ಸಾಗಿಸಲು ಹೆವಿ ಲೈಸೆನ್ಸಿನ ಮೇಲೆ ಇನ್ನೊಂದು ಹಿಂಬರಹ ಬೇಕು. ಅದಕ್ಕೆ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ 3 ದಿನದ ತರಬೇತಿ. ಜೊತೆಗೆ ಒಂದು ಭಾರತೀಯ ಭಾಷೆ ಮತ್ತು ಇಂಗ್ಲಿಷ್ ಎರಡನ್ನೂ ಓದಲು ಬರೆಯಲು ಬರಬೇಕು. ಈ ಹಿಂಬರಹ ನಡೆಯುವುದು 3 ವರ್ಷ ಮಾತ್ರ. 2024ರ ತೀರ್ಪಿನಲ್ಲೂ ಇದಕ್ಕೆ ವಿನಾಯಿತಿ ಇಲ್ಲ. ಗಾಡಿ ಚಿಕ್ಕದಾದರೂ ಸರಕು ಅಪಾಯಕಾರಿಯಾದರೆ ಹಿಂಬರಹ ಬೇಕು.

ಇಂಗ್ಲಿಷ್ ಯಾಕೆ ಅಂತ ಹುಡುಗ ಕೇಳಿದ. ನಿಮ್ಮೂರಿನ ಪೆಟ್ರೋಲ್ ಬಂಕಿಗೆ ಟ್ಯಾಂಕರ್ ಬಂದಾಗ ಅದರ ಹಿಂದೆ, ಪಕ್ಕದಲ್ಲಿ ಚೌಕಾಕಾರದ ಫಲಕ ನೋಡಿ. ಪೆಟ್ರೋಲಾದರೆ 1203, ಅಡುಗೆ ಅನಿಲವಾದರೆ 1075 ಎಂಬ ಅಂಕಿ ಇರುತ್ತದೆ. ಜಗತ್ತಿನ ಯಾವ ಮೂಲೆಯಲ್ಲಾದರೂ ಆ ಅಂಕಿ ನೋಡಿದ ಕೂಡಲೇ ಅಗ್ನಿಶಾಮಕದವರಿಗೆ ಒಳಗೇನಿದೆ ಎಂದು ತಿಳಿಯುತ್ತದೆ. ಸೋರಿದರೆ ಏನು ಮಾಡಬೇಕು, ಮೈಮೇಲೆ ಬಿದ್ದರೆ ಏನು ಪ್ರಥಮ ಚಿಕಿತ್ಸೆ, ಯಾರಿಗೆ ಫೋನು, ಇದೆಲ್ಲ ಬರೆದ ಟ್ರೆಮ್ ಕಾರ್ಡ್ ಕ್ಯಾಬಿನಿನಲ್ಲಿ ಇರಲೇಬೇಕು. ಓದಲು ಬಾರದವನ ಹತ್ತಿರ ಆ ಕಾರ್ಡ್ ಇದ್ದರೆ ಅದು ಬರೀ ರಟ್ಟು. ನಿಲ್ಲಿಸಿದಾಗಲೂ ಅಂಥ ಗಾಡಿಯನ್ನು ಒಂಟಿಯಾಗಿ ಬಿಟ್ಟು ಬರುವಂತಿಲ್ಲ. ಚಾಲಕ ಅಥವಾ ಕೆಲಸ ತಿಳಿದ ಇನ್ನೊಬ್ಬ ವಯಸ್ಕರು ಕಾವಲಿರಬೇಕು. “ಹಾಗೇ ಮನೆಗೆ ಬಂದು ಊಟ ಮಾಡಿ ಹೋಗ್ತೀನಮ್ಮಾ” ಅನ್ನುವ ಕೆಲಸ ಅದಲ್ಲ.

ಇನ್ನು ಓಡಿಸುವ ಕಷ್ಟ. ಇದನ್ನು ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ಸೊಂಟದ ಮೇಲೆ ತುಂಬಿದ ಕೊಡ ಇಟ್ಟುಕೊಂಡು ನಡೆದರೆ ನೀರು ಅಲುಗುವುದು ಕಡಿಮೆ; ಅರ್ಧ ತುಂಬಿದ ಕೊಡದಲ್ಲಿ ನೀರು ಹೊಯ್ದಾಡಿ ನಮ್ಮನ್ನೇ ಎಳೆಯುತ್ತದೆ. ಟ್ಯಾಂಕರೂ ಅಷ್ಟೇ. ತಿರುವಿನಲ್ಲಿ ಒಳಗಿನ ದ್ರವ ಒಂದು ಪಕ್ಕಕ್ಕೆ ನುಗ್ಗುತ್ತದೆ, ಬ್ರೇಕ್ ಹಾಕಿದರೆ ಮುಂದಕ್ಕೆ ತಳ್ಳುತ್ತದೆ. ಹಾಲಿನ ಟ್ಯಾಂಕರಿಗೆ ಅಪಾಯಕಾರಿ ಸರಕಿನ ಹಿಂಬರಹ ಬೇಡ, ಆದರೆ ಈ ಹೊಯ್ದಾಟ ಅಲ್ಲೂ ತಪ್ಪದು.

2013ರ ಏಪ್ರಿಲ್ 9ರಂದು ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಅಡುಗೆ ಅನಿಲದ ಟ್ಯಾಂಕರ್ ಮಗುಚಿ ಬೆಂಕಿ ಹೊತ್ತಿಕೊಂಡದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ರಸ್ತೆಬದಿಯ ಮನೆಗಳಿಗೂ ಬೆಂಕಿ ಹಬ್ಬಿ ಹಲವರು ಪ್ರಾಣ ಕಳೆದುಕೊಂಡರು. ಇದನ್ನು ನಾನು ಹೇಳಿದಾಗ ಗೆಳತಿಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಹೆದರಿಸಲು ಹೇಳಿದ್ದಲ್ಲ. ಆ ಮೂರು ದಿನದ ಪಾಠಕ್ಕೆ ಹೋಗದೆ ಸರ್ಟಿಫಿಕೇಟ್ ಕೊಂಡರೆ ನಾವು ಕೊಳ್ಳುವುದು ಏನನ್ನು ಎಂದು ತಿಳಿಯಲಿ ಅಂತ ಹೇಳಿದೆ.

ಹಾಗಂತ ಟ್ಯಾಂಕರ್ ಕೆಟ್ಟ ಕೆಲಸವಲ್ಲ. ಕಲಿತವರು ಗೌರವದಿಂದ ಮಾಡುವ ಕೆಲಸ. ಕೇರಳದ ತ್ರಿಶೂರ್ ಕಡೆಯ ಎಂ.ಕಾಂ. ಓದುತ್ತಿದ್ದ ಹುಡುಗಿಯೊಬ್ಬಳು ತಂದೆಯ ಪಕ್ಕದಲ್ಲಿ ಕೂತು ಕಲಿತು, ಈ ಹಿಂಬರಹವನ್ನೂ ಪಡೆದು, ಪೆಟ್ರೋಲ್ ಟ್ಯಾಂಕರ್ ಓಡಿಸುತ್ತಿದ್ದಾಳೆಂದು 2021ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಗಮನಿಸಿ, ಪಕ್ಕದಲ್ಲಿ ಕೂತು ಕಲಿತಳು. ಹೊಸಬನಿಗೆ ನನ್ನ ಸಲಹೆ ಇದೇ: ಹೆವಿ ಬಂದ ಮೇಲೆ ಒಂದೆರಡು ವರ್ಷ ಸಾಮಾನ್ಯ ಲೋಡು ಓಡಿಸಲಿ. ಘಾಟಿ ಇಳಿಯಲಿ, ಮಳೆಗಾಲ ನೋಡಲಿ. ಆಮೇಲೆ ಟ್ಯಾಂಕರ್ ಮಾಲೀಕರೊಬ್ಬರು ಕೆಲಸ ಕೊಡುತ್ತೇನೆಂದರೆ ಆಗ ಪಾಠಕ್ಕೆ ಹೋಗಲಿ. ಕೆಲಸವಿಲ್ಲದೆ ಹಾಕಿಸಿಟ್ಟರೆ ಮೂರು ವರ್ಷ ಹಾಗೇ ಕರಗಿಹೋಗುತ್ತದೆ.

ಬ್ಯಾಡ್ಜ್ ಮತ್ತು ಟ್ರೇಲರ್

ಬ್ಯಾಡ್ಜ್ ಬೇಕಾಗುವುದು ಪ್ರಯಾಣಿಕರನ್ನು ಕೂರಿಸಿಕೊಂಡು ಹೋಗುವ ಗಾಡಿಗೆ. ಸರ್ಕಾರಿ ಬಸ್ಸಿನ ಚಾಲಕರ ಹುದ್ದೆಗೆ ಕರೆದಾಗ ಹೆವಿ ಲೈಸೆನ್ಸಿನ ಜೊತೆಗೆ ಇದನ್ನೂ ಕೇಳುತ್ತಾರೆ. ಮಗನಿಗೆ ಮುಂದೆ ಬಸ್ಸಿನ ಕೆಲಸದ ಆಸೆಯಿದ್ದರೆ ಮಾಡಿಸಲಿ, ಬರೀ ಸರಕಿನ ಲಾರಿ ಓಡಿಸುವವನಿಗೆ ಅದರ ಅವಸರವಿಲ್ಲ. ಇನ್ನು ಉದ್ದನೆಯ ಟ್ರೇಲರ್ ಗಾಡಿಗಳು ಮೊದಲ ವರ್ಷಕ್ಕೆ ಬೇಡವೇ ಬೇಡ. ಹಿಂದಕ್ಕೆ ತೆಗೆಯುವಾಗ ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದರೆ ಹಿಂದಿನ ಭಾಗ ಬಲಕ್ಕೆ ಹೋಗುತ್ತದೆ. ಕೈ ಪಳಗಿದ ಮೇಲಿನ ಮಾತು ಅದು.

ಹಣ ಕೊಡುವ ಮುನ್ನ

ಲೈಸೆನ್ಸಿಗೆ ಹೊಸ ವರ್ಗ ಸೇರಿಸಲು ಸರ್ಕಾರ ತೆಗೆದುಕೊಳ್ಳುವ ಶುಲ್ಕ ನೂರುಗಳ ಲೆಕ್ಕದಲ್ಲಿದೆ, ಹತ್ತಾರು ಸಾವಿರಗಳಲ್ಲಿ ಅಲ್ಲ. ದೊಡ್ಡ ಮೊತ್ತ ಹೋಗುವುದು ಡ್ರೈವಿಂಗ್ ಶಾಲೆಗೆ. ಕೊಡಬೇಕಾದದ್ದೂ ಅಲ್ಲಿಗೇ, ಯಾಕೆಂದರೆ ಅಲ್ಲಿ ಸಿಗುವುದು ವಿದ್ಯೆ. ಎರಡು ಮೂರು ಶಾಲೆ ವಿಚಾರಿಸಿ. ದಿನಕ್ಕೆ ಎಷ್ಟು ಹೊತ್ತು ಸ್ಟಿಯರಿಂಗ್ ಹುಡುಗನ ಕೈಯಲ್ಲಿ ಇರುತ್ತದೆ, ಕಲಿಸುವ ಗಾಡಿ ನಿಜವಾಗಿ ಲಾರಿಯೋ ಇಲ್ಲವೋ ನೋಡಿ. ಹಣಕ್ಕೆ ರಸೀದಿ ಕೇಳಿ. ಅರ್ಜಿಯನ್ನು ಸಾರಥಿ ಜಾಲತಾಣದಲ್ಲಿ ನೀವೇ ಹಾಕಬಹುದು. ಪಕ್ಕದ ಮನೆಯ ಕಾಲೇಜು ಹುಡುಗಿಗೆ ಹೇಳಿದರೆ ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾಳೆ.

ಹಣ ಕಟ್ಟುವ ಮೊದಲು ಕಣ್ಣು ಪರೀಕ್ಷೆ ಆಗಲಿ. ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಓದಲು ಬರಬೇಕು. ಇದನ್ನು ಬೀದಿಯಲ್ಲಿ ನಿಲ್ಲಿಸಿ ನೀವೇ ನೋಡಬಹುದು. ಇರುಳುಗುರುಡು, ತಲೆಸುತ್ತು, ಮೂರ್ಛೆ ಇದ್ದರೆ ಮುಚ್ಚಿಡಬೇಡಿ. ಮದುವೆ ಸಂಬಂಧಕ್ಕೆ ಮುಚ್ಚಿಡುವಂತೆ ವೈದ್ಯರ ಹತ್ತಿರವೂ ಮುಚ್ಚಿಟ್ಟು ಮಗನನ್ನು ಕಳೆದುಕೊಂಡವರಿದ್ದಾರೆ.

ನಿದ್ದೆಯ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಮೋಟಾರು ಸಾರಿಗೆ ಕೆಲಸಗಾರರಿಗೆ ದಿನಕ್ಕೆ 8 ಗಂಟೆ ಕೆಲಸ ಎಂದು 1961ರಲ್ಲೇ ಕಾಯಿದೆ ಬಂದಿತ್ತು. ಹೆದ್ದಾರಿಯಲ್ಲಿ ಅದು ಎಷ್ಟು ನಡೆಯಿತೆಂದು ಎಲ್ಲರಿಗೂ ಗೊತ್ತು. ಆದ್ದರಿಂದ ಕೆಲಸಕ್ಕೆ ಸೇರಿಸುವಾಗ ಸಂಬಳ, ಬತ್ತೆ ಮಾತ್ರ ಕೇಳಬೇಡಿ. ದೂರದ ಟ್ರಿಪ್ಪಿಗೆ ಇಬ್ಬರು ಡ್ರೈವರ್ ಇರುತ್ತಾರೋ, ಒಬ್ಬನೋ? ಇದನ್ನೂ ಕೇಳಿ. ಮನೆಗೆ ಬಂದ ದಿನ ಅವನನ್ನು ಸಂತೆಗೆ ಕಳಿಸಬೇಡಿ, ಮಲಗಲು ಬಿಡಿ.

ಕೊನೆಗೆ ಏನಾಯಿತು?

ಹುಡುಗ ಅವತ್ತು ಮುಖ ಊದಿಸಿಕೊಂಡೇ ಹೋದ. ಎರಡು ದಿನ ಅಮ್ಮನ ಹತ್ತಿರ ಮಾತೂ ಇಲ್ಲವಂತೆ. ಮೂರನೆಯ ದಿನ ತಾನಾಗಿಯೇ ನಮ್ಮ ತಿಪಟೂರಿನ ಕೊಬ್ಬರಿ ಮಂಡಿಗೆ ಹೋಗಿ, ಉತ್ತರ ಭಾರತಕ್ಕೆ ಲೋಡು ಹೊಡೆಯುವ ವಯಸ್ಸಾದ ಡ್ರೈವರೊಬ್ಬರನ್ನು ಮಾತಾಡಿಸಿಕೊಂಡು ಬಂದ. ಆತ ಕೇಳಿದ್ದು ಒಂದೇ ಮಾತಂತೆ: “ಎಷ್ಟು ಹಿಂಬರಹ ಇದೆ ಅನ್ನೋದು ಇರಲಿ ಮಗಾ, ಟೈರಿಗೆ ಜಾಕ್ ಹಾಕೋಕೆ ಬರ್ತದಾ?” ಹುಡುಗನಿಗೆ ಬರುವುದಿಲ್ಲ! ಈಗ ಹೆವಿಗೆ ಎಲ್.ಎಲ್.ಆರ್. ಆಗಿದೆ. ಬೆಳಿಗ್ಗೆ ಡ್ರೈವಿಂಗ್ ಶಾಲೆ. ಭಾನುವಾರ ಮಂಡಿಯಲ್ಲಿ ಆ ಹಿರಿಯರ ಲಾರಿಯ ಹತ್ತಿರ ಕ್ಲೀನರ್ ಕೆಲಸ ಕಲಿಯುತ್ತಾನೆ.

ಶಾಲೆಯ ಹಣಕ್ಕೆ ಗೆಳತಿ ತನ್ನ ಚೀಟಿ ಎತ್ತಿದಳು. ಸಾಲದೆ ಬಂದದ್ದನ್ನು ಅಂಗಡಿಯವರು ಮುಂಗಡ ಕೊಟ್ಟರು. ಅವಲಕ್ಕಿ ಸರ ಕರ್ಚೀಫಿನಲ್ಲೇ ಇದೆ. ರಾತ್ರಿ ಊಟವಾದ ಮೇಲೆ ಅಮ್ಮ ಮಗ ಇಬ್ಬರೂ ದೀಪದಡಿ ಕೂತು ಗ್ಯಾಸ್ ಸಿಲಿಂಡರಿನ ಮೇಲೆ, ಔಷಧಿ ಡಬ್ಬದ ಮೇಲೆ ಬರೆದ ಇಂಗ್ಲಿಷನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತಾರಂತೆ. ಅವಳು ಪಿ.ಯು.ಸಿ. ಓದಿದವಳು. “ಇಷ್ಟು ವರ್ಷಕ್ಕೆ ನನ್ನ ಓದು ಉಪಯೋಗಕ್ಕೆ ಬಂತಕ್ಕಾ” ಅಂದಳು. ಟ್ಯಾಂಕರಿನ ಆಸೆ ಅವನಿಗೆ ಹೋಗಿಲ್ಲ. ಹೋಗಬೇಕಾಗಿಯೂ ಇಲ್ಲ. ಎರಡು ವರ್ಷ ಕಳೆಯಲಿ, ನೋಡೋಣ.

ಬುತ್ತಿಗೆ ಒಂದು ಪುಡಿ

ಲಾರಿಯವರ ಮನೆಯ ಸೋದರಿಯರಿಗೆ ಈ ಸಲದ ಪುಡಿ. ಹುರಿಗಡಲೆ 1 ಬಟ್ಟಲು, ತುರಿದ ಕೊಬ್ಬರಿ ಅರ್ಧ ಬಟ್ಟಲು, ಬ್ಯಾಡಗಿ ಮೆಣಸಿನಕಾಯಿ 8, ಕರಿಬೇವು ಒಂದು ಹಿಡಿ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಚೂರು ಬೆಲ್ಲ, ಇಂಗು, ಉಪ್ಪು. ಮೆಣಸಿನಕಾಯಿ, ಕರಿಬೇವು, ಹುಣಸೆಹಣ್ಣನ್ನು ಎಣ್ಣೆಯಿಲ್ಲದೆ ಬೇರೆ ಬೇರೆಯಾಗಿ ಗರಿಗರಿ ಹುರಿಯಿರಿ. ಕೊಬ್ಬರಿಯನ್ನು ಬೆಚ್ಚಗೆ ಮಾಡಿದರೆ ಸಾಕು. ಪೂರ್ತಿ ಆರಿದ ಮೇಲೆ ಎಲ್ಲಾ ಸೇರಿಸಿ ತರಿತರಿಯಾಗಿ ಪುಡಿ ಮಾಡಿ, ಒಣಗಿದ ಡಬ್ಬಕ್ಕೆ ತುಂಬಿ. ಹದಿನೈದು ದಿನಕ್ಕೆ ತೊಂದರೆಯಿಲ್ಲ. ಚಪಾತಿಗೂ ಆಯಿತು, ದಾರಿಯ ಢಾಬಾದ ಬಿಸಿ ಅನ್ನಕ್ಕೂ ಆಯಿತು.

ನಿಮ್ಮ ಮನೆಯಲ್ಲೂ ಸ್ಟಿಯರಿಂಗ್ ಹಿಡಿಯುವ ಮಗನೋ, ತಮ್ಮನೋ, ಮಗಳೋ ಇದ್ದರೆ ಇವತ್ತೇ ಅವರ ಲೈಸೆನ್ಸ್ ಕೇಳಿ ತೆಗೆದುಕೊಂಡು, ಏನು ಬರೆದಿದೆ, ಯಾವ ತಾರೀಖಿನವರೆಗೆ ಇದೆ ಎಂದು ಒಮ್ಮೆ ಓದಿ. ಸಂದೇಹವಿದ್ದರೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಮಾತಾಡೋಣ.

ನಿಮ್ಮ,
ಅಕ್ಕ